ಎರಡು ಕೈ ಉಪ್ಪು

ಹಾಯಿದೋಣಿಯ ಅಡುಗೆಮನೆಯಲ್ಲಿ ಒಲೆ ಅಲ್ಲಾಡುತ್ತಿದೆ ಎಂಬುದನ್ನು ಕಂಡುಹಿಡಿದ ಮೊದಲ ಮನುಷ್ಯ ತಾನೇ ಎಂದು ಭಾರ್ಗವ ನಂಬಿದ್ದ. ಗೋವಾದ ಜೆಟ್ಟಿ ಬಿಟ್ಟು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಕೆಳಗಿಳಿದು ನೋಡಿದರೆ ಗ್ಯಾಸ್ ಒಲೆ ತೊಟ್ಟಿಲಿನ ಹಾಗೆ ಅತ್ತಿಂದಿತ್ತ ತೂಗುತ್ತಿದೆ. ಇಷ್ಟು ದೊಡ್ಡ ದೋಣಿ ಕಟ್ಟಿ ಒಲೆಗೆ ಎರಡು ಸ್ಕ್ರೂ ಬಿಗಿಮಾಡದ ಜನ ಎಂದು ಮನಸ್ಸಿನಲ್ಲೇ ಬೈದುಕೊಂಡು, ಕಂಪನಿಯ ಬಣ್ಣದ ಬ್ರೋಷರ್‌ಗಳನ್ನು ಮಡಿಸಿ ಸಂದಿಗೆ ತುರುಕಿದ. ಮೇಲೆ ನೈಲಾನ್ ಹಗ್ಗ ಸುತ್ತಿ ಬಿಗಿದು ಕಟ್ಟಿದ. ಫೋಟೋ ತೆಗೆದು ‘ಸಮಸ್ಯೆ ಬಗೆಹರಿದಿದೆ’ ಎಂದು ಆಫೀಸಿನ ಗ್ರೂಪಿಗೂ ಹಾಕಿದ. ಜೆ.ಪಿ. ನಗರದಿಂದ ಮ್ಯಾನೇಜರು ಹೆಬ್ಬೆರಳು ಕಳಿಸಿದರು.

ಹಾಯಿಗೆ ಗಾಳಿ ತುಂಬಿ ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಒಲೆಯೂ ಅದರ ಜೊತೆ ಶಿಸ್ತಾಗಿ ವಾಲಿತು. ನುಗ್ಗೇಕಾಯಿ ಹುಳಿಯ ಪಾತ್ರೆ ಜಾರಿ, ಈ ಪ್ರಯಾಣಕ್ಕೆಂದೇ ಅವನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊಂಡಿದ್ದ ಬಿಳಿ ಶೂಗಳ ಮೇಲೆ ಬೋರಲಾಯಿತು.

ಅಡುಗೆಯ ಅನಂತಪದ್ಮನಾಭ ಭಟ್ಟರು ಕೂಗಾಡಲಿಲ್ಲ. ಹಗ್ಗ ಬಿಚ್ಚಿದರು, ಬ್ರೋಷರ್‌ಗಳನ್ನು ಎಳೆದು ತೆಗೆದರು. ದೋಣಿ ಎಷ್ಟು ವಾಲಿದರೂ ಒಲೆ ಮಾತ್ರ ತೂಗಿಕೊಂಡು ಮಟ್ಟಸವಾಗಿ ನಿಲ್ಲುವುದನ್ನು ಸ್ವಲ್ಪ ಹೊತ್ತು ನೋಡಿದರು. ಅವರು ಇಂಥ ದೋಣಿ ಹತ್ತಿದ್ದೂ ಅದೇ ಮೊದಲು.

“ಇದು ಸಡಿಲ ಆಗಿರೋದಲ್ಲಪ್ಪ, ಸಡಿಲ ಬಿಟ್ಟಿರೋದು,” ಎಂದರು. “ನೀನಿನ್ನು ಅಡುಗೆಮನೆ ಒಳಗೆ ಬರಬೇಡ.”

ಭಾರ್ಗವನ ವಿಸಿಟಿಂಗ್ ಕಾರ್ಡಿನಲ್ಲಿ ‘ವಾಯೇಜ್ ಕ್ಯೂರೇಟರ್’ ಎಂದಿತ್ತು. ಈ ಪ್ರಯಾಣಕ್ಕೆ ಮೊದಲು ಅವನು ಏರಿದ್ದ ಅತಿದೊಡ್ಡ ನೌಕೆ ಹಲಸೂರು ಕೆರೆಯ ಪೆಡಲ್ ದೋಣಿ. ಅವನ ಆಫೀಸು ಜೆ.ಪಿ. ನಗರ ಮೂರನೇ ಫೇಸಿನಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಕಡಲಿನ ಚಿತ್ರಗಳಿಂದಲೂ ಮಸಾಲೆದೋಸೆಯ ವಾಸನೆಯೇ ಬರುತ್ತಿತ್ತು. ಬಾಡಿಗೆ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಕಾರವಾರದ ಆಚೀಚಿನ ಹಳೆಯ ಕೋಟೆಗಳನ್ನೂ ದ್ವೀಪಗಳನ್ನೂ ನಾಲ್ಕು ದಿನದಲ್ಲಿ ತೋರಿಸಿ ತರುವ ಪ್ರವಾಸವನ್ನು ಮಾರುವುದು ಅವನ ಕೆಲಸ. ಆರು ತಿಂಗಳಲ್ಲಿ ಮಾರಿದ್ದು ಒಂದೇ ಒಂದು. ಅದೂ ಯಾರಿಗೆ, ಅರೆಕೆರೆಯಲ್ಲಿ ಅವನಿದ್ದ ರೂಮಿನ ಓನರ್ ಗಂಗಾಧರಯ್ಯನವರಿಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಬಿಲ್ಡಿಂಗು ಬೆಳೆದಿರುವ ಅವರು, ಹೆಂಡತಿ ನಾರಾಯಣಮ್ಮನಿಗೆ ಅರವತ್ತು ತುಂಬಿತೆಂದು ಮಗ, ಸೊಸೆ, ಮೊಮ್ಮಕ್ಕಳ ಸಮೇತ ಹೊರಟರು. ಅವರು ಹಾಕಿದ್ದು ಒಂದೇ ಷರತ್ತು. ಕಾರ್ತಿಕ ಮಾಸದಲ್ಲಿ ನಾರಾಯಣಮ್ಮ ಮೀನು ಮಾಂಸ ಮುಟ್ಟುವುದಿಲ್ಲ, ಅವು ಬೆಂದ ಪಾತ್ರೆಯನ್ನೂ ಮುಟ್ಟುವುದಿಲ್ಲ. ಆದ್ದರಿಂದ ಅಡುಗೆಗೆ ಭಟ್ಟರೇ ಬೇಕು.

ಭಟ್ಟರನ್ನು ಹುಡುಕುವ ಕಷ್ಟ ಬರಲಿಲ್ಲ. ಅವರೇ ಒಂದು ಮಧ್ಯಾಹ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಐವತ್ತೇಳರ ಸಣಕಲು ಆಳು, ಬಲಗೈ ತುಂಬ ಎಣ್ಣೆ ಸಿಡಿದ ಕಲೆಗಳು. ಪೇಪರಿನ ಜೊತೆ ಮನೆಮನೆಗೂ ಹಾಕಿಸಿದ್ದ ಕಂಪನಿಯ ಕರಪತ್ರವನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲೆ ಹರಡಿ, ನಕ್ಷೆಯಲ್ಲಿದ್ದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. ಕರಿಗುಡ್ಡ ಎಂಬ ದ್ವೀಪ.

“ಇಲ್ಲಿಗೆ ಹೋಗತ್ತಾ ನಿಮ್ಮ ದೋಣಿ?”

ಗಿರಾಕಿ ತಾನಾಗಿ ಬಂದನೆಂದುಕೊಂಡ ಭಾರ್ಗವ ಉರುಹೊಡೆದಿದ್ದ ಮಾತನ್ನೆಲ್ಲ ಬಿಚ್ಚಿದ. ಕೋಟೆಯ ಗೋಡೆ, ಸೂರ್ಯಾಸ್ತದ ಫೋಟೋ, ಜೀವನಪೂರ್ತಿ ಉಳಿಯುವ ನೆನಪು. ಹಾಲು ಉಕ್ಕಿ ಇಳಿಯಲಿ ಎಂದು ಕಾಯುವವರ ಹಾಗೆ ಭಟ್ಟರು ಅವನ ಮಾತು ಮುಗಿಯುವವರೆಗೂ ಕಾದರು. ಆಮೇಲೆ, ತಾನು ಅಡುಗೆಯವನು, ಆ ದೋಣಿಯಲ್ಲಿ ಅಡುಗೆಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಅನುಭವ ಇದೆಯಾ ಎಂದು ಭಾರ್ಗವ ತನಗಿಲ್ಲದ ಗತ್ತಿನಿಂದ ವಿಚಾರಿಸಿದ. ಮೂವತ್ತೈದು ವರ್ಷದ ಮದುವೆ ಮುಂಜಿಗಳನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಸಮುದ್ರದ ಅನುಭವ? “ಇಲ್ಲ. ನೋಡೇ ಇಲ್ಲ.”

ಆಧಾರ್ ಕಾರ್ಡಿನ ಪ್ರತಿಗೆಂದು ಬನಶಂಕರಿ ಎರಡನೇ ಹಂತದ ಅವರ ಮನೆಗೆ ಹೋದ ಭಾನುವಾರವೇ ಭಾರ್ಗವನಿಗೆ ಉಳಿದ ಕತೆ ತಿಳಿದದ್ದು. ಕಾಫಿ ತಂದಿಟ್ಟ ಹೆಂಗಸು ಭಟ್ಟರ ಹೆಂಡತಿಯಲ್ಲ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಆಕೆ ಅವರ ತಮ್ಮ ವಿಷ್ಣುವಿನ ಹೆಂಡತಿ ಸರಸ್ವತಿ. ಭಟ್ಟರು ಒಳಗೆ ಕಾರ್ಡು ಹುಡುಕುತ್ತಿದ್ದಾಗ, ಗೋಡೆಯ ಆಚೆಗೆ ಕೇಳಿಸಿದರೂ ಚಿಂತೆಯಿಲ್ಲ ಎನ್ನುವ ದನಿಯಲ್ಲಿ ಆಕೆ ಎಲ್ಲವನ್ನೂ ಹೇಳಿದಳು.

ಅಡುಗೆ ಕಂಟ್ರಾಕ್ಟು ಅಣ್ಣತಮ್ಮಂದಿರಿಬ್ಬರದು. ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯವನು ರುಚಿ ನೋಡುವ ಹಾಗಿಲ್ಲ. ಕಣ್ಣು, ಮೂಗು, ಕೈ, ಇಷ್ಟನ್ನೇ ನಂಬಿ ಐನೂರು ಜನಕ್ಕೆ ಬೇಯಿಸಬೇಕು. ಅನಂತಪದ್ಮನಾಭರಿಗೆ ಹದ, ಪಾಕ, ಒಗ್ಗರಣೆ ಎಲ್ಲವೂ ಒಲಿದಿತ್ತು, ಉಪ್ಪು ಮಾತ್ರ ಒಲಿಯಲಿಲ್ಲ. ವಿಷ್ಣುವಿಗೆ ಒಲಿದದ್ದು ಉಪ್ಪು ಒಂದೇ. ಕುದಿಯನ್ನು ಒಮ್ಮೆ ನೋಡಿ, ಮುಷ್ಟಿ ತುಂಬಿ ಎಸೆದು ಹೋಗುತ್ತಿದ್ದ. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಯಾವ ಕಲ್ಯಾಣಮಂಟಪವಾದರೂ ಸರಿ, ಪಾತ್ರೆ ಕುದಿ ಬಂದಾಗ ಅಣ್ಣ “ವಿಷ್ಣೂ, ಉಪ್ಪು!” ಎಂದು ಕೂಗಬೇಕು, ತಮ್ಮ ಬರಬೇಕು. ಅವರ ಮನೆಯಲ್ಲೂ ಹಾಗೆಯೇ ನಡೆಯುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಜಯನಗರದ ಒಬ್ಬ ಶ್ರೀಮಂತರು ಇಂಥದೇ ದೋಣಿ ಮಾಡಿಕೊಂಡು ಇದೇ ದ್ವೀಪಗಳನ್ನು ನೋಡಲು ಹೊರಟಾಗ ಅಡುಗೆಗೆ ಹೇಳಿದ್ದು ಅಣ್ಣನಿಗೆ. ಹೋಗಿದ್ದು ತಮ್ಮ. ಮೂರನೆಯ ದಿನ ಬೆಳಿಗ್ಗೆ, ದೋಣಿ ಕರಿಗುಡ್ಡದ ಪಕ್ಕ ಲಂಗರು ಹಾಕಿ ನಿಂತಿದ್ದಾಗ, ಕಾಫಿ ಯಾಕೆ ಬರಲಿಲ್ಲ ಎಂದು ನೋಡಿದರೆ ವಿಷ್ಣು ಇರಲಿಲ್ಲ. ಅವನ ಮೈ ಒರೆಸುವ ವಸ್ತ್ರ ದೋಣಿಯ ಕಂಬಿಯ ಮೇಲೆ ಒಣಗುತ್ತಿತ್ತು. ಐದು ದಿನ ಹುಡುಕಿದರು. ಏನೂ ಸಿಗಲಿಲ್ಲ.

ಸುದ್ದಿಯೇ ಇಲ್ಲದೆ ಹೋದವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯಲ್ಲೂ ಮುತ್ತುಗದ ಎಲೆಯಲ್ಲೂ ಒಂದು ಆಕೃತಿ ಮಾಡಿ, ಅದನ್ನು ಸುಟ್ಟು ಕರ್ಮ ಮಾಡಬೇಕು. ಈ ಕಾರ್ತಿಕಕ್ಕೆ ಹನ್ನೆರಡು ತುಂಬಿತ್ತು. ಪುರೋಹಿತರು ದಿನವನ್ನೂ ನೋಡಿಟ್ಟಿದ್ದರು. ಸರಸ್ವತಿ ಆಗುವುದಿಲ್ಲ ಎನ್ನಲಿಲ್ಲ.

“ಇಷ್ಟು ವರ್ಷದಲ್ಲಿ ಈ ಮನೆಯೋರು ಒಬ್ಬರೂ ಹೋಗಿ ಆ ನೀರು ನೋಡಿಲ್ಲ,” ಎಂದಳು. “ಭಾವ ಒಂದ್ಸಲ ನೋಡ್ಕೊಂಡು ಬರ್ಲಿ. ಬರ್ತಾರೆ ಅಂದ್ರೆ ಇನ್ನೂ ಕಾಯ್ತೀನಿ. ಬರಲ್ಲ ಅಂದ್ರೆ ಕುಂಕುಮ ಅಳಿಸ್ಕೋತೀನಿ. ನೋಡದೇನೇ ಅಳಿಸ್ಕೋ ಅಂದ್ರೆ ಹೇಗೆ?”

ಮಹಡಿಯ ಮೇಲಿನ ತಂತಿಯಲ್ಲಿ ಒಂದು ಪಂಚೆ ಒಣಗುತ್ತಿತ್ತು. ಅದು ವಿಷ್ಣುವಿನದು. ಪ್ರತಿ ಶನಿವಾರ ಅದನ್ನು ಒಗೆದು, ಒಣಗಿಸಿ, ಮಡಿಸಿ ಇಡುತ್ತಾಳೆ. ಬಂದ ದಿನ ಮುಗ್ಗಲು ವಾಸನೆಯ ಪಂಚೆ ಕೊಡುವುದಕ್ಕಾಗುತ್ತದೆಯೇ? ಯಾರೂ ಉಡದೆ, ಬರಿದೇ ಒಗೆದೂ ಒಗೆದೂ ಅದು ಸವೆದು ಹೋಗಿತ್ತು. ಆಚೆಯ ಮನೆಯ ನೀರಿನ ಟ್ಯಾಂಕು ಅದರೊಳಗಿಂದ ಕಾಣುತ್ತಿತ್ತು. ಜೀವನಪೂರ್ತಿ ಉಳಿಯುವ ನೆನಪಿನ ಭರವಸೆ ಕೊಟ್ಟು ಸಂಬಳ ತೆಗೆದುಕೊಳ್ಳುವ ಭಾರ್ಗವ ಕಾಫಿಯನ್ನು ಬಿಸಿ ಆರುವ ಮೊದಲೇ ಕುಡಿದು, ನಾಲಿಗೆ ಸುಟ್ಟುಕೊಂಡು ಎದ್ದ.

ಹೊರಡುವ ದಿನ ಆ ಪಂಚೆ ಭಟ್ಟರ ಕೈಚೀಲದಲ್ಲಿತ್ತು. ಸಿಕ್ಕರೆ ಉಡಲು ಕೊಡಿ ಎಂದು ಸರಸ್ವತಿಯೇ ಇಟ್ಟಿದ್ದಳು.

ಮೊದಲೆರಡು ದಿನ ಭಟ್ಟರು ಮೇಲಕ್ಕೆ ಬರಲೇ ಇಲ್ಲ. ಅಡುಗೆಮನೆಯ ದುಂಡು ಕಿಟಕಿಗೆ ಟವೆಲ್ಲು ಸಿಕ್ಕಿಸಿ, ಸಮುದ್ರದ ಮೇಲಿದ್ದುಕೊಂಡೇ ಸಮುದ್ರವನ್ನು ನೋಡದೆ, ಚಿತ್ರಾನ್ನ, ಕೋಸಂಬರಿ, ಮಜ್ಜಿಗೆಹುಳಿ ಎಂದು ಹೊತ್ತುಹೊತ್ತಿಗೆ ಮಾಡಿ ಮೇಲಕ್ಕೆ ದಾಟಿಸುತ್ತಿದ್ದರು. ಬೆಂಗಳೂರಿನಲ್ಲೂ ಅವರು ಯಡಿಯೂರು ಕೆರೆಯ ಪಕ್ಕದ ದಾರಿ ಬಿಟ್ಟು ಸುತ್ತಿ ನಡೆಯುವವರು. ವಾಸನೆಗೆ ಹೆದರುತ್ತಾರೆ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರಂತೆ.

ಮೇಲೆ ಗಂಗಾಧರಯ್ಯನವರು ಅರಬ್ಬೀ ಸಮುದ್ರವನ್ನು ಸೈಟು ನೋಡುವ ಹಾಗೆ ನೋಡುತ್ತಿದ್ದರು. ಅರೆಕೆರೆಯ ಕೆರೆ ಕೋಡಿ ಬಿದ್ದಾಗ ಹೀಗೇ ಕಾಣುತ್ತಿತ್ತು, ಇದು ಸ್ವಲ್ಪ ದೊಡ್ಡದು ಎಂದು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡ ಗುಡ್ಡದ ನೆತ್ತಿಯಲ್ಲಿ ಕಂಡಾಗ ಭಾರ್ಗವ ಫೋನು ನೋಡಿಕೊಂಡು ಇತಿಹಾಸ ಓದತೊಡಗಿದ. ಸಿಗ್ನಲ್ ಹೋಯಿತು, ಇತಿಹಾಸ ಅರ್ಧಕ್ಕೇ ನಿಂತಿತು. “ಆಮೇಲೇನಾಯ್ತು?” ಎಂದು ಅವರು ಕೇಳಿದರು. ಆಮೇಲೆ ಇಂಗ್ಲಿಷರು ಬಂದರು ಎಂದ. ಆ ಉತ್ತರ ಯಾವ ಕೋಟೆಗಾದರೂ ಹೊಂದುತ್ತದೆ ಎಂಬುದನ್ನು ಅವನು ಆ ಪ್ರವಾಸದಲ್ಲಿ ಕಲಿತ.

ಎರಡನೆಯ ದಿನ ಸಂಜೆ ದೋಣಿ ನಡೆಸುವ ರವಿಕುಮಾರ್ ಭಾರ್ಗವನನ್ನು ಪಕ್ಕಕ್ಕೆ ಕರೆದ. ಕಾರವಾರದ ಕಡೆಯವನು, ಮಾತು ಕಡಿಮೆ. ನಾಳೆ ಕರಿಗುಡ್ಡದಲ್ಲಿ ಅಡುಗೆ ಬೇಡ, ಇಲ್ಲೇ ಮಾಡಿ ಕಟ್ಟಿಕೊಂಡು ಹೋಗೋಣ ಎಂದ. ಯಾಕೆ? ಮೀನುಗಾರರು ಅಲ್ಲಿ ಒಲೆ ಹಚ್ಚುವುದಿಲ್ಲ. ಹಚ್ಚಿದರೆ ದೋಣಿಯಲ್ಲಿ ಒಬ್ಬರು ಹೆಚ್ಚಾದ ಹಾಗೆ ಅನ್ನಿಸುತ್ತದಂತೆ. ತಾನು ಇದನ್ನೆಲ್ಲ ನಂಬುವವನಲ್ಲ, ಆದರೆ ತಾನೂ ಅಲ್ಲಿ ಹಚ್ಚಿಲ್ಲ. ಭಾರ್ಗವ ನಗಲು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಭಟ್ಟರು ಹುಣಸೇಹಣ್ಣು ಹಿಂಡುತ್ತ ನಿಂತಿದ್ದರು. ಕೈ ನಿಂತಿತ್ತು, ರಸ ಬೆರಳಿನ ಸಂದಿಯಿಂದ ಇಳಿಯುತ್ತಲೇ ಇತ್ತು.

“ಅಲ್ಲೇ ಮಾಡ್ತೀನಿ,” ಎಂದರು.

ಮರುದಿನ ಹತ್ತೂವರೆಗೆ ಕರಿಗುಡ್ಡ ಬಂತು. ಕಪ್ಪು ಬಂಡೆ, ಅದರ ಮೇಲೆ ಅರ್ಧ ಬಿದ್ದ ಕೋಟೆಗೋಡೆ, ಗೋಡೆಯ ಬಿರುಕಿನಲ್ಲಿ ಒಂದು ಆಲದ ಗಿಡ. ಬಿಸಿಲು ಚೆನ್ನಾಗಿತ್ತು. ಹೆದರಿಕೊಳ್ಳಲು ಏನೂ ಇರಲಿಲ್ಲ, ಅದೇ ಹೆದರಿಕೆ ತರಿಸಿತು. ಮೂರು ದಿನದಿಂದ ಕಿವಿಯಲ್ಲಿದ್ದ ನೀರಿನ ಸದ್ದು ಅಲ್ಲಿ ಇರಲಿಲ್ಲ. ಸಮುದ್ರ ತಟ್ಟೆಯಲ್ಲಿ ಸುರಿದಿಟ್ಟ ಎಣ್ಣೆಯ ಹಾಗೆ ನಿಂತಿತ್ತು. ರವಿಕುಮಾರ್ ಗಂಗಾಧರಯ್ಯನವರ ಸಂಸಾರವನ್ನು ಚಿಕ್ಕ ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಕೋಟೆ ತೋರಿಸಲು ಹೋದ. ಹಾಯಿದೋಣಿಯಲ್ಲಿ ಉಳಿದವರು ಇಬ್ಬರೇ.

ಹುಳಿ ಕುದಿಗೆ ಬಂದಾಗ ಭಟ್ಟರು ಉರಿ ಸಣ್ಣಗೆ ಮಾಡಿ, ಮೂರು ದಿನದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಚೀಲ. ಅದನ್ನು ಕಾಲ ಬಳಿ ಇಟ್ಟು, ಹಾಯಿಕಂಬದ ತಂತಿಯನ್ನು ಎರಡೂ ಕೈಯಿಂದ ಹಿಡಿದು ನೀರನ್ನು ನೋಡಿದರು. ಅವರನ್ನು ಹಿಡಿದುಕೊಳ್ಳಲೇ ಎಂದು ಭಾರ್ಗವ ಹತ್ತಿರ ಹೋದವನು ಧೈರ್ಯ ಸಾಲದೆ ತಾನೂ ಅದೇ ತಂತಿಯನ್ನು ಹಿಡಿದುಕೊಂಡ. ಆಮೇಲೆ ಭಟ್ಟರು ಮುಖ ಎತ್ತಿ, ಐನೂರು ಜನರ ಅಡುಗೆಮನೆಯಲ್ಲಿ ಕೂಗುವ ಆ ಗಂಟಲಿನಲ್ಲಿ ಕೂಗಿದರು.

“ವಿಷ್ಣೂ, ಉಪ್ಪು!”

ಕೋಟೆಗೋಡೆ ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿತು. ಎರಡನೆಯ ಸಲ ಕೂಗಿದರು, ಅದೂ ಬಂತು. ಮೂರನೆಯ ಸಲದ ಕೂಗು ಹೋಯಿತು, ತಿರುಗಿ ಬರಲಿಲ್ಲ. ಗಾಳಿ ದಿಕ್ಕು ಬದಲಿಸಿದರೆ ಹಾಗಾಗುತ್ತದೆ ಎಂದು ರವಿಕುಮಾರ್ ಆಮೇಲೆ ಹೇಳಿದ. ಆಗ ಗಾಳಿಯೇ ಇರಲಿಲ್ಲ ಎಂದು ಭಾರ್ಗವ ಅವನಿಗೆ ಹೇಳಲಿಲ್ಲ. ಕೆಳಗಿನಿಂದ, ಪಾತ್ರೆಯ ಮುಚ್ಚಳವನ್ನು ಯಾರೋ ಮೆಲ್ಲಗೆ ಪಕ್ಕಕ್ಕಿಟ್ಟಂಥ ಸದ್ದು ಕೇಳಿಸಿತು ಎಂಬುದನ್ನೂ ಹೇಳಲಿಲ್ಲ. ಆವಿಗೆ ಮುಚ್ಚಳ ಅದುರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಅದುರುವ ಮುಚ್ಚಳ ಮತ್ತೆ ಮತ್ತೆ ಅದುರಬೇಕು. ಇದು ಒಂದೇ ಸಲ.

ಭಟ್ಟರು ಕೆಳಗೆ ಹೋಗಿ ಅಡುಗೆ ಮುಗಿಸಿದರು. ಹೋದವರು ಬಂದರು. ನೈವೇದ್ಯವಾಗಿ ಎಲೆ ಹಾಕಿದ್ದಾಯಿತು. ಮೊದಲ ತುತ್ತಿಗೆ ಗಂಗಾಧರಯ್ಯನವರು ನೀರು ಕುಡಿದರು. ಮಗ ಸೊಸೆ ಮುಖ ಮುಖ ನೋಡಿಕೊಂಡರು. ನಾರಾಯಣಮ್ಮ ಮಾತ್ರ ತುತ್ತು ನುಂಗಿ, ತಪ್ಪು ಹುಡುಕುವ ದನಿಯಿಲ್ಲದೆ ಹೇಳಿದರು:

“ಭಟ್ರೆ, ಇವತ್ತು ಉಪ್ಪು ಎರಡು ಕೈ ಬಿದ್ದದೆ.”

ಎಲ್ಲರೂ ಭಾರ್ಗವನ ಕಡೆ ತಿರುಗಿದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಒಲೆ ಕಟ್ಟಿದ ದಿನದಿಂದ ಅವನು ಆ ಮೆಟ್ಟಿಲು ಇಳಿದಿರಲಿಲ್ಲ, ಭಟ್ಟರಿಗೆ ಅದು ಗೊತ್ತಿತ್ತು. ತಾನು ಹಾಕಿದ್ದು ಒಂದೇ ಸಲ, ಇಷ್ಟೇ, ಎಂದು ಅವರು ಬರಿಗೈಯನ್ನು ಮುಷ್ಟಿ ಮಾಡಿ ತೋರಿಸಿದರು. ಹೆದರಿದ ಮನುಷ್ಯ ಒಂದು ಸಲ ಹಾಕಿದ್ದನ್ನು ಮರೆತು ಇನ್ನೊಂದು ಸಲ ಹಾಕುವುದು ದೊಡ್ಡ ವಿಷಯವಲ್ಲ. ಭಾರ್ಗವ ಇವತ್ತಿಗೂ ಹಾಗೆ ನಂಬಲು ಪ್ರಯತ್ನಪಡುತ್ತಾನೆ. ಭಟ್ಟರು ಒಂದು ಚಮಚ ಹುಳಿಯನ್ನು ಅಂಗೈಗೆ ಬಿಟ್ಟುಕೊಂಡು ಬಾಯಿಗೆ ಹಾಕಿಕೊಂಡರು. ಮೆಟ್ಟಿಲ ಮೇಲೆ ಕುಸಿದು ಕುಳಿತರು.

“ಒಂದು ನಂದು,” ಎಂದರು. “ಇನ್ನೊಂದು ಅವನ ಕೈ.”

ಯಾರ ಕೈ ಎಂದು ಗಂಗಾಧರಯ್ಯನವರು ಕೇಳಿದರು. ಭಾರ್ಗವನೇ ಹೇಳಬೇಕಾಯಿತು, ಹೇಳಿದ. ಮೊಮ್ಮಕ್ಕಳನ್ನು ಸೊಸೆ ಒಳಗೆ ಕರೆದುಕೊಂಡು ಹೋದಳು. ರವಿಕುಮಾರ್ ಲಂಗರು ಎತ್ತಲು ಎದ್ದ. ನಾರಾಯಣಮ್ಮ ಅವನನ್ನು ಕೂರಿಸಿದರು. ಆಕೆ ಅರೆಕೆರೆ ಇನ್ನೂ ಊರಾಗಿದ್ದ ಕಾಲದವರು. ಸತ್ತವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ಆಕೆಗೆ ಅಡ್ರೆಸ್ಸು ಹೇಳುವಷ್ಟೇ ಸಲೀಸು.

“ಹಸ್ಕೊಂಡು ಬಂದವ್ರೆ. ಎಡೆ ಇಕ್ಕಿ ಕಳಿಸ್ಬೇಕು ಭಟ್ರೆ. ನೀವು ಹಿಂಗೆ ಕುಂತ್ಕಂಡ್ರೆ ಅವ್ರು ಎಲ್ಲಿಗೂ ಹೋಗಾಕಿಲ್ಲ.”

ಕರ್ಮ ಆಗದವನಿಗೆ ಎಡೆ ಇಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಭಟ್ಟರು ಮೆಲ್ಲಗೆ ಅಂದರು. ಪದ್ಧತಿ ಆಮೇಲೆ, ಹಸಿವು ಮೊದಲು ಎಂದು ಆಕೆ ತಾವೇ ಒಂದು ಎಲೆ ಎತ್ತಿ ಅವರ ಕೈಗೆ ಕೊಟ್ಟರು. ಭಟ್ಟರು ಅನ್ನ ಬಡಿಸಿದರು, ಯಾರಿಗೂ ಸೇರದಿದ್ದ ಆ ಹುಳಿಯನ್ನು ಬಡಿಸಿದರು, ತುಪ್ಪ ಹಾಕಿದರು. ದೋಣಿಯ ಹಿಂಬದಿಗೆ ಹೋಗಿ, ಬಗ್ಗಿ, ಎಲೆಯನ್ನು ನೀರಿನ ಮೇಲೆ ಬಿಟ್ಟರು. ಆಮೇಲೆ ಚೀಲದಿಂದ ಪಂಚೆ ತೆಗೆದು ಮಡಿಕೆ ಬಿಚ್ಚಿದರು. ಸಮುದ್ರಕ್ಕೆ ಒಂದು ಕಾಗದದ ಚೂರನ್ನೂ ಎಸೆಯಬಾರದು ಎಂಬ ಕಂಪನಿಯ ನಿಯಮವನ್ನು ಪ್ರಯಾಣಿಕರಿಗೆ ದಿನಕ್ಕೆರಡು ಸಲ ಓದಿ ಹೇಳುವವನು ಭಾರ್ಗವನೇ. ಅವನು ಹಾಯಿಯ ಕಡೆ ಮುಖ ತಿರುಗಿಸಿದ, ಭಟ್ಟರು ಪಂಚೆಯನ್ನು ನೀರಿಗೆ ಬಿಟ್ಟರು.

ಪಂಚೆ ಮುಳುಗಲಿಲ್ಲ. ಅಷ್ಟು ತೆಳುವಾದ ಬಟ್ಟೆ ನೀರು ಕುಡಿದ ಕೂಡಲೇ ಇಳಿಯಬೇಕಿತ್ತು. ಅದು ಉದ್ದಕ್ಕೆ ಚಾಚಿಕೊಂಡು, ಅಂಗಾತ ಮಲಗಿದವರ ಹಾಗೆ, ಅಲೆಯೇ ಇಲ್ಲದ ನೀರಿನ ಮೇಲೆ ಬಂಡೆಯ ಕಡೆಗೆ ಸಾಗಿತು. ಲಂಗರು ಎತ್ತಿ ಬಹಳ ದೂರ ಬಂದ ಮೇಲೂ ಆ ಬಿಳುಪು ಕಾಣುತ್ತಿತ್ತು. ಭಟ್ಟರು ಕಣ್ಣು ತೆಗೆಯದೆ ಅದನ್ನೇ ನೋಡುತ್ತಿದ್ದರು. ಆ ರಾತ್ರಿಯ ಅಡುಗೆಗೆ ಉಪ್ಪು ಕಡಿಮೆ ಬಿದ್ದಿತ್ತು. ಎಲ್ಲರೂ ಹಾಗೆಯೇ ಉಂಡು ಎದ್ದರು.

ಬೆಂಗಳೂರಿಗೆ ಮರಳಿದ ದಿನ ಭಾರ್ಗವ ಭಟ್ಟರನ್ನು ಮನೆಯವರೆಗೂ ಬಿಡಲು ಹೋದ. ಬಾಗಿಲಲ್ಲೇ ಹಿಂತಿರುಗಬೇಕೆಂದಿದ್ದ. ಆದರೆ ಸರಸ್ವತಿ ಕಾಫಿ ಲೋಟ ಕೈಗಿತ್ತಳು, ಲೋಟ ಹಿಡಿದವನಿಗೆ ಓಡಿಹೋಗಲು ಬರುವುದಿಲ್ಲ. ಆಕೆ ಕೈಚೀಲವನ್ನು ಎತ್ತಿ ನೋಡಿದಳು. ಹಗುರವಾಗಿತ್ತು. ಒಳಗೆ ಕೈಹಾಕಿ ನೋಡುವ ಗೋಜಿಗೆ ಹೋಗಲಿಲ್ಲ.

“ಇದ್ರಾ?” ಎಂದಳು.

“ಇದ್ದಾನಮ್ಮ,” ಎಂದರು ಭಟ್ಟರು. “ಅಲ್ಲೇ ಇದ್ದಾನೆ. ಇನ್ನು ಬರೋ ಹಾಗಿಲ್ಲ.”

ಆಕೆ ತಲೆಯಾಡಿಸಿದಳು. ಪುರೋಹಿತರಿಗೆ ಫೋನು ಮಾಡಿ ಅವರು ನೋಡಿಟ್ಟ ದಿನವೇ ಇಟ್ಟುಕೊಳ್ಳಲು ಹೇಳಿ ಎಂದಳು. ಮುತ್ತುಗದ ಎಲೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಗಾಂಧಿಬಜಾರಿನಲ್ಲಿ ಹೇಳಿದರೆ ತರಿಸಿಕೊಡುತ್ತಾರೆ ಎಂದು ಭಟ್ಟರು ಹೇಳಿದರು. ಸೊಪ್ಪು ತರುವ ಮಾತಿನ ಹಾಗೆ ಆ ಮಾತು ನಡೆಯಿತು. ಭಾರ್ಗವನ ಲೋಟದಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತು. ಆಕೆ ಒಳಗೆ ಹೋಗಲು ಎದ್ದವಳು ಬಾಗಿಲಿನ ಚೌಕಟ್ಟಿಗೆ ಕೈಯಿಟ್ಟು ನಿಂತಳು. ಹನ್ನೆರಡು ವರ್ಷ ಒಂದೇ ಸೂರಿನ ಕೆಳಗೆ ಇಬ್ಬರೂ ಸುತ್ತಿ ನಡೆದಿದ್ದ ಮಾತನ್ನು, ಅಪರಿಚಿತ ಹುಡುಗನೊಬ್ಬ ಕೂತಿರುವಾಗಲೇ ಕೇಳಿಬಿಟ್ಟಳು.

“ಆವತ್ತು ಅಡುಗೆಗೆ ಹೇಳಿದ್ದು ನಿಮಗೆ. ನೀವ್ಯಾಕೆ ಹೋಗ್ಲಿಲ್ಲ ಭಾವ?”

“ಹೆದರಿಕೆಯಾಯ್ತು,” ಎಂದರು ಭಟ್ಟರು. “ನನಗೆ ಈಜು ಬರಲ್ಲ. ಅವನಿಗೂ ಬರಲ್ಲ ಅಂತ ಗೊತ್ತಿದ್ದೇ ಕಳಿಸ್ದೆ.”